ದ್ವಾದಶವರ್ಷದ ಕ್ಷಾಮ ಮತ್ತು ಅದರ ಆಧಾರಗಳು

ಉತ್ತರಾಪಥದ ಹನ್ನೆರಡು ವರ್ಷಗಳ ಕ್ಷಾಮವೂ, ಶ್ರುತಕೇವಲಿ ಭದ್ರಬಾಹುಸ್ವಾಮಿಗಳು ಶಿಷ್ಯನಾದ ಚಂದ್ರಗುಪ್ತ ಮೌರ್ಯನೊಡನೆ ಶ್ರವಣಬೆಳಗೊಳಕ್ಕೆ ಬಿಜಯಂಗೈದುದೂ ನಮ್ಮಲ್ಲಿ ಮನೆಮನೆಗೆ ತಿಳಿದ ವಿಷಯ. ಆದರೆ ಇದನ್ನು ಬರೆಯುವವರು ಅನೇಕರು ಆಧಾರವನ್ನೇ ಹೇಳುವುದಿಲ್ಲ. ಹೇಳಿದರೆ ದೇವಚಂದ್ರನ ‘ರಾಜಾವಳೀ ಕಥೆ’ಯನ್ನು ಹೆಸರಿಸುತ್ತಾರೆ. ಅದು 19ನೆಯ ಶತಮಾನದ ಕೃತಿ. ಮೂಲ ಚೀಟಿಯಿಲ್ಲದ ಬಾಬನ್ನು ನಾವು ವರ್ತಕರು ಖಾತೆಗೆ ಏರಿಸುವುದುಂಟೆ?

ಚಿಕ್ಕಬೆಟ್ಟದ ಮೇಲೆ ಸುಮಾರು ಕ್ರಿ.ಶ. 600ರ ಶಿಲಾಶಾಸನವಿದೆ. ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷಗಳ ಕಾಲವೈಷಮ್ಯವನ್ನು ಅರಿತು ತಿಳಿಸಿದರೆಂದೂ ಸಂಘವು ದಕ್ಷಿಣಾಪಥಕ್ಕೆ ಹೊರಟಿತೆಂದೂ ಅದು ಹೇಳುತ್ತದೆ. ಚಂದ್ರಗುಪ್ತನ ಹೆಸರು ಅದರಲ್ಲಿಲ್ಲ. ಇಬ್ಬರನ್ನೂ ಜೊತೆಯಾಗಿ ಹೆಸರಿಸುವುದು ಅದೇ ಬೆಟ್ಟದ, ಸುಮಾರು 650ರ ಇನ್ನೊಂದು ಶಾಸನ. ಬಿ. ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಅಚ್ಚು ಹಾಕಿಸಿದರು. ಫ್ಲೀಟ್ ಅವರಾದರೋ ಮೊದಲಿನ ಶಾಸನದ ಭದ್ರಬಾಹುಗಳು ಶ್ರುತಕೇವಲಿಗಳಲ್ಲ, ಅನಂತರದವರೆಂದು ವಾದಿಸಿದರು. ಈ ಆಕ್ಷೇಪಕ್ಕೆ ಉತ್ತರ ಕೊಡಲು ಭಕ್ತಿಯೊಂದೇ ಸಾಲದು, ಶಾಸನಪಾಠವನ್ನು ನೋಡಿರಬೇಕು.

ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ (931) ಸ್ವಾಮಿಗಳು ಅವಂತಿಯ ಕಡೆಯಲ್ಲಿಯೇ ಸಮಾಧಿಯನ್ನು ಹೊಂದುತ್ತಾರೆ, ವಿಶಾಖಾಚಾರ್ಯನೆನಿಸಿದ ಚಂದ್ರಗುಪ್ತನು ಸಂಘವನ್ನು ಪುನ್ನಾಟಕ್ಕೆ ಕರೆತರುತ್ತಾನೆ. ಶ್ವೇತಾಂಬರ ಗ್ರಂಥಗಳಲ್ಲಿ ಅದೇ ಕ್ಷಾಮವಿದೆ, ಭದ್ರಬಾಹುಗಳು ಮಾತ್ರ ನೇಪಾಳದಲ್ಲಿದ್ದಾರೆ. ಮಾರ್ಗ ಭಿನ್ನವಾದರೂ ಕ್ಷಾಮದ ಮಾತು ಎರಡು ಆಮ್ನಾಯಗಳಲ್ಲಿಯೂ ಉಳಿದಿರುವುದು ಗಮನಾರ್ಹ.

ನಮ್ಮ ಪರಂಪರೆಗೆ ಸೇರದ ಸಾಕ್ಷ್ಯವೂ ಇದೆ. ಗೋರಖಪುರ ಸೀಮೆಯ ಸೋಹಗೌರದ ತಾಮ್ರಪಟ, ಬಂಗಾಳದ ಮಹಾಸ್ಥಾನದಲ್ಲಿ 1931ರಲ್ಲಿ ದೊರೆತ ಬ್ರಾಹ್ಮೀ ಶಾಸನ—ಮೌರ್ಯಕಾಲದವೆಂದು ವಿದ್ವಾಂಸರು ಎಣಿಸುವ ಇವೆರಡೂ ಆಪತ್ಕಾಲಕ್ಕಾಗಿ ಕಣಜದಲ್ಲಿ ಕೂಡಿಟ್ಟ ಧಾನ್ಯವನ್ನು ಕುರಿತವು. ಹನ್ನೆರಡು ವರ್ಷವೆಂಬ ಲೆಕ್ಕ ಅವುಗಳಲ್ಲಿಲ್ಲ.