ಮಾವನ ಫೋನಿನ ಬ್ಲೂಟೂತ್ ಆಫ್ ಇತ್ತು

ಇವತ್ತಿನ ಕಥೆ ಬಜ್ಪೆ ವಿಮಾನ ನಿಲ್ದಾಣದಿಂದ ಶುರು. 2020ರ ಮೇ 12ಕ್ಕೆ, ಲಾಕ್‌ಡೌನ್ ನಡುವೆ, ದುಬೈಯಲ್ಲಿ ಸಿಕ್ಕಿಬಿದ್ದಿದ್ದ ನಮ್ಮವರನ್ನು ಕರೆತಂದ ಮೊದಲ ವಿಮಾನ ಮಂಗಳೂರಿಗೆ ಬಂತು. ನನ್ನ ಮಾವ ಬಂದದ್ದು ಆಮೇಲಿನ ಒಂದು ವಿಮಾನದಲ್ಲಿ. ಇಳಿದವರೆಲ್ಲ ಆರೋಗ್ಯ ಸೇತು ಆ್ಯಪ್ ಹಾಕಿಕೊಳ್ಳಬೇಕಿತ್ತು. ಮಾವ ಹಾಕಿಕೊಂಡರು. ಕ್ವಾರಂಟೈನ್‌ಗೆ ಕರೆದೊಯ್ಯುವ ಬಸ್ ಹತ್ತುವಷ್ಟರಲ್ಲಿ ಬ್ಲೂಟೂತ್ ಆಫ್! ಯಾಕೆ ಅಂತ ಫೋನಲ್ಲಿ ಕೇಳಿದ್ರೆ, "ಚಾರ್ಜ್ ಇಲ್ಲ ಮಾರಾಯ. ಆ್ಯಪ್ ಉಂಟಲ್ಲ, ಸಾಕು" ಅಂದರು.

ಸಾಕಾಗ್ತಿರಲಿಲ್ಲ. ಎರಡು ಫೋನ್ ಹತ್ತಿರ ಬಂದಾಗ ಒಂದರ ಗುರುತನ್ನು ಇನ್ನೊಂದು ಬರೆದಿಟ್ಟುಕೊಳ್ತಿದ್ದದ್ದು ಬ್ಲೂಟೂತ್ ಮೂಲಕವೇ. ನಾಳೆ ಒಬ್ಬರಿಗೆ ಕೋವಿಡ್ ಅಂತಾದ್ರೆ ಪಕ್ಕದಲ್ಲಿ ಇದ್ದವರು ಯಾರು ಅಂತ ತಿಳಿಯಲಿಕ್ಕೆ.

ಬ್ಲೂಟೂತ್ ಬ್ಯಾಟರಿ ತಿನ್ನುತ್ತದೆ ಅನ್ನುವ ಮಾತು ಸುಳ್ಳೇನಲ್ಲ, ಹಳೇದು. 1994ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ, ಎರಿಕ್ಸನ್ ಕಂಪನಿಯ ಯಾಪ್ ಹಾರ್ಟ್‌ಸನ್ ಇದರ ಕೆಲಸಕ್ಕೆ ಕೈಹಾಕಿದಾಗ ಗುರಿ ವೈರ್ ಇಲ್ಲದೆ ಕೆಲಸ ಆಗಬೇಕು ಅನ್ನೋದು. (ಹೆಸರು 10ನೇ ಶತಮಾನದ ಡೆನ್ಮಾರ್ಕ್ ರಾಜ ಹೆರಾಲ್ಡ್‌ನದ್ದು, ಅದು ಇರಲಿ.) 2.4 ಗಿಗಾಹರ್ಟ್ಸ್‌ನಲ್ಲಿ ವೈಫೈ ಉಂಟು, ಮೈಕ್ರೋವೇವ್ ಓವನ್ ಉಂಟು. ಆ ಗದ್ದಲದಲ್ಲಿ ಬಚಾವಾಗಲು ಎರಡೂ ಸಾಧನಗಳು ಒಂದೇ ಲೆಕ್ಕ ಹಿಡಿದು 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಹಾರುತ್ತಿದ್ದವು. ಹೆಡ್‌ಸೆಟ್‌ನಲ್ಲಿ ಮಾತು ನಡೆಯುವಷ್ಟು ಹೊತ್ತು ರೇಡಿಯೋಗೆ ಪುರುಸೊತ್ತೇ ಇಲ್ಲ.

2006ರಲ್ಲಿ ನೋಕಿಯಾ 'ವೈಬ್ರೀ' ಅಂತ ಬೇರೆಯೇ ದಾರಿ ತೋರಿಸಿತು. ಅದು 2010ರ ಬ್ಲೂಟೂತ್ 4.0ರೊಳಗೆ 'ಲೋ ಎನರ್ಜಿ' ಆಗಿ ಸೇರಿತು. ನಾನು ಬಿಕಾಂ ಮಾಡಿದವ, ನನಗೆ ಇದು ಖರ್ಚಿನ ಲೆಕ್ಕದ ಹಾಗೆ ಕಾಣೋದು: ದುಡಿಯುವುದು ಸ್ವಲ್ಪ, ಮಲಗುವುದು ಜಾಸ್ತಿ. 40 ಚಾನೆಲ್‌ಗಳಲ್ಲಿ ಮೂರರಲ್ಲಿ ಮಾತ್ರ "ನಾನಿದ್ದೇನೆ" ಅಂತ ಕೂಗಿ, ರೇಡಿಯೋ ಆಫ್. ಮುಂದಿನ ಕೂಗು 20 ಮಿಲಿಸೆಕೆಂಡಿಗೂ ಆಗಬಹುದು, 10 ಸೆಕೆಂಡ್ ಬಿಟ್ಟೂ ಆಗಬಹುದು. ಕನೆಕ್ಟ್ ಆದ ಮೇಲೆ ಮುಂದಿನ ಭೇಟಿಯ ಸಮಯ ಗೊತ್ತುಮಾಡಿಕೊಂಡು ಇಬ್ಬರೂ ನಿದ್ದೆಗೆ ಹೋಗ್ತಾರೆ. ಹೇಳಲಿಕ್ಕೆ ಏನೂ ಇಲ್ಲದಿದ್ದರೆ ಚಿಕ್ಕ ಸಾಧನ ಕೆಲವು ಭೇಟಿ ತಪ್ಪಿಸಿದರೂ ಸಂಬಂಧ ಕಡಿಯುವುದಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕ ಸೆಲ್‌ನಲ್ಲಿ ಸೆನ್ಸರ್ ತಿಂಗಳುಗಟ್ಟಲೆ ನಡೆಯುವುದು ಹೀಗೆ.

ಆದ್ರೆ ಮಾವ ಪೂರ್ತಿ ತಪ್ಪಲ್ಲ. ಕೂಗುವವನಿಗೆ ಖರ್ಚು ಕಡಿಮೆ, ಕಿವಿಗೊಟ್ಟು ಕೂತವನಿಗೆ ಜಾಸ್ತಿ. ಕೂಗು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲವಲ್ಲ, ಎಚ್ಚರ ಇರಬೇಕು. ಆರೋಗ್ಯ ಸೇತು ಇದ್ದ ಫೋನ್ ಎರಡನ್ನೂ ಮಾಡಬೇಕಿತ್ತು. ಇದರ ಮಾಹಿತಿ ಎಲ್ಲಿಗೆ ಹೋಗುತ್ತದೆ ಅನ್ನುವ ಅನುಮಾನವೂ ಜನರಲ್ಲಿತ್ತು. ಮೇ 26ಕ್ಕೆ ಸರಕಾರ ಆಂಡ್ರಾಯ್ಡ್ ಆ್ಯಪ್‌ನ ಕೋಡ್ ಬಹಿರಂಗ ಮಾಡಿತು, ನನ್ನ ಪ್ರಕಾರ ಅದು ಮೊದಲ ದಿನವೇ ಆಗಬೇಕಿತ್ತು. ಬ್ಲೂಟೂತ್ ಆನ್ ಇಡಿ ಅಂತ ಆ್ಯಪ್ ಹೇಳ್ತಾನೇ ಇತ್ತು. ಯಾಕೆ ಅಂತ ಮಾವನಿಗೆ ಬಿಡಿಸಿ ಹೇಳಲಿಕ್ಕೆ ಆಗ ನನಗೂ ಗೊತ್ತಿರಲಿಲ್ಲ.

ನಾಲ್ಕನೇ ದಿನ ಫೋನ್ ಬಂತು. ಅದೇ ಬಸ್ಸಿನಲ್ಲಿದ್ದ ಒಬ್ಬರಿಗೆ ಪಾಸಿಟಿವ್. ನಿಮ್ಮ ಹತ್ತಿರ ಕೂತವರು ಯಾರು, ಎಷ್ಟು ಹೊತ್ತು? ಫೋನಿನಲ್ಲಿ ಏನೂ ಇಲ್ಲ. ಅತ್ತೆ ಇಲ್ಲಿ ಕದ್ರಿಯಲ್ಲಿ ಊಟ ಬಿಟ್ಟು ಕೂತರು. ಮಾವನ ರಿಪೋರ್ಟ್ ನೆಗೆಟಿವ್ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಆ ರಾತ್ರಿ ಅವರು ನೆನಪು ಮಾಡಿ ಮಾಡಿ ಬೋರ್ಡಿಂಗ್ ಪಾಸಿನ ಹಿಂದೆ ಬರೆದ ಪಟ್ಟಿ ಈಗಲೂ ನನ್ನ ಹತ್ರ ಉಂಟು. ಮೊದಲ ಸಾಲು: "ಎಡಬದಿ, ನೀಲಿ ಅಂಗಿ, ಹೆಸರು ಕೇಳಲಿಲ್ಲ."