ಎಳೆಯುವ ಕಾರಿಗೆ ಅಲೈನ್‌ಮೆಂಟ್ ಚೀಟಿ ಮದ್ದಲ್ಲ

ಪುಣೆಯಲ್ಲಿ ಕಾರು ಒಂದು ಕಡೆಗೆ ಎಳೆಯುತ್ತಿದೆ ಎಂದರೆ ಸಿಗುವ ಮೊದಲ ಉತ್ತರ, ‘ಅಲೈನ್‌ಮೆಂಟ್ ಮಾಡಿಸಿ’. ಯಂತ್ರದ ಪರದೆಯ ಮೇಲಿನ ಕೆಂಪು ಅಂಕಿಗಳು ಹಸಿರಾದರೆ ಕೆಲಸ ಮುಗಿಯಿತು. ಗಿರಾಕಿ ಚೀಟಿ ಜೇಬಿಗಿಳಿಸಿ ಹೊರಡುತ್ತಾನೆ. ಕಾತ್ರಜ ಘಾಟಿ ದಾಟುವಷ್ಟರಲ್ಲಿ ಕಾರು ಮತ್ತೆ ಎಳೆಯುತ್ತದೆ. ಈ ಊರಿನ ಗ್ಯಾರೇಜುಗಳಲ್ಲೇ ಕೂದಲು ಬೆಳ್ಳಗಾದ ನನ್ನಂಥವರಿಗೆ ಇದು ಸೋಜಿಗವಲ್ಲ, ಬೇಸರ.

ಸ್ಟೀರಿಂಗ್, ಸಸ್ಪೆನ್ಷನ್ ವಿದ್ಯೆಯ ಆರಂಭವನ್ನು ಬೇಗ ಹೇಳಿಬಿಡಬಹುದು. ತಿರುವಿನಲ್ಲಿ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ತಿರುಗಬೇಕೆಂಬ ಲೆಕ್ಕ ಕುದುರೆಗಾಡಿ ಕಾಲದ್ದು. ಹೊಳೆದದ್ದು ಗಾಡಿ ಕಟ್ಟುವ ಲ್ಯಾಂಕೆನ್‌ಸ್ಪರ್ಗರ್‌ಗೆ, ಹೆಸರು ಉಳಿದದ್ದು 1818ರಲ್ಲಿ ಪೇಟೆಂಟ್ ಪಡೆದ ಆಕರ್‌ಮನ್‌ಗೆ. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿದ್ದರೆ ಗಾಡಿ ಹಿಂದೆ ಮುಂದೆ ತೂಗಾಡುವುದು ಕಡಿಮೆಯಾಗುತ್ತದೆಂದು 1930ರ ದಶಕದಲ್ಲಿ ಎಂಜಿನಿಯರ್ ಮಾರಿಸ್ ಆಲಿ ತೋರಿಸಿದ. ಸ್ಟೀರಿಂಗ್ ವರ್ತನೆಯ ಬೇರು ಟೈರಿನಲ್ಲಿದೆ, ಅದು ಮುಖ ಮಾಡಿದ ದಿಕ್ಕಿಗೂ ಸಾಗುವ ದಿಕ್ಕಿಗೂ ನಡುವೆ ಹುಟ್ಟುವ ಸಣ್ಣ ಕೋನದಲ್ಲಿದೆ ಎಂಬುದು ಎಂಜಿನಿಯರುಗಳಾದ ಮಿಲಿಕನ್ ಮತ್ತು ಸೀಗಲ್‌ರ 1956ರ ಪ್ರಬಂಧಗಳ ಹೊತ್ತಿಗೆ ಗಟ್ಟಿ ಗಣಿತವಾಗಿತ್ತು.

ನಮ್ಮಲ್ಲಿ ಆಗ ಅಂಬಾಸಡರ್ ಮತ್ತು ಫಿಯಟ್. ಮುಂದೆ ಪದ್ಮಿನಿಯಾದ ಫಿಯಟ್‌ಗೆ ಹಿಂದೆ ಪ್ಲೇಟು, ಮುಂದೆ ಕಾಯಿಲ್ ಸ್ಪ್ರಿಂಗು, ಚಕ್ರ ತಿರುಗಲು ಅಕ್ಷವಾಗಿ ಕಿಂಗ್‌ಪಿನ್ನು. ಗ್ರೀಸ್ ಹೊಡೆಯುವುದು ತಪ್ಪಿತೋ, ಪಿನ್ ಸವೆದು ಸ್ಟೀರಿಂಗ್ ಸಡಿಲ. ಟೋ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು, ನೋಡಲು ಚಕ್ರದ ಪಕ್ಕ ದಾರ ಕಟ್ಟುತ್ತಿದ್ದರು. ದಾರ ಕಟ್ಟುವ ಮೊದಲು ಜ್ಯಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ವಿದ್ಯೆ ಇದ್ದದ್ದು ದಾರದಲ್ಲಲ್ಲ, ಆ ಅಲುಗಿಸುವಿಕೆಯಲ್ಲಿ.

ಪುಣೆ ಈ ಕತೆಯೊಳಗೆ ಬಂದದ್ದು 1966ರಲ್ಲಿ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಸ್ಥಾಪನೆಯಾದಾಗ. ಪಿಂಪ್ರಿಯಲ್ಲಿ ಟೆಲ್ಕೊ (ಇಂದಿನ ಟಾಟಾ ಮೋಟಾರ್ಸ್), ಮುಂಢವಾದಲ್ಲಿ ಆಕ್ಸಲ್ ಬೀಮ್ ಬಡಿಯುವ ಭಾರತ್ ಫೋರ್ಜ್, 1980ರ ದಶಕದಲ್ಲಿ ವಢೂ ಬುದ್ರುಕ್‌ನಲ್ಲಿ ಲಾರಿಗಳಿಗೆ ಪವರ್ ಸ್ಟೀರಿಂಗ್ ಮಾಡುವ ಕಾರ್ಖಾನೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಹುಡುಗರು ಈ ಕೈಗಾರಿಕಾ ವಲಯದಲ್ಲೇ ಕೈಗೆ ಎಣ್ಣೆ ಹಚ್ಚಿಕೊಂಡರು.

ನಮ್ಮ ತಲೆಮಾರನ್ನು ತಿದ್ದಿದ್ದು 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ರ‍್ಯಾಕ್ ಸ್ಟೀರಿಂಗ್. ಕಿಂಗ್‌ಪಿನ್ ಇಲ್ಲ, ಗ್ರೀಸ್ ನಿಪ್ಪಲ್ ಇಲ್ಲ. ಇಂಥ ಬಹುಪಾಲು ಕಾರುಗಳಲ್ಲಿ ತಿರುಗಿಸಿ ಸರಿಮಾಡಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರ್ (ಚಕ್ರದ ವಾಲು), ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ವಾಲು) ಅಂಕಿಗಳನ್ನು ಯಂತ್ರ ತೋರಿಸುತ್ತದೆ, ಸರಿಮಾಡಲು ನಟ್ಟೇ ಇಲ್ಲ. ಹಾಗಾದರೆ ತೋರಿಸುವುದೇಕೆ? ಲೋವರ್ ಆರ್ಮ್ ಬಾಗಿದೆ, ಸ್ಟ್ರಟ್ ಸೊಟ್ಟಗಾಗಿದೆ, ಬುಷ್ ಹರಿದಿದೆ ಎಂದು ಹೇಳಲಿಕ್ಕೆ. ಅದನ್ನು ಓದದೆ ಹೈಡ್ರಾಲಿಕ್ ಜ್ಯಾಕ್ ಒತ್ತಿ ಸ್ಟ್ರಟ್ಟನ್ನೇ ಬಗ್ಗಿಸಿ ಅಂಕಿ ಹಸಿರು ಮಾಡುವುದು, ಜ್ವರ ಇಳಿಸಲು ಥರ್ಮಾಮೀಟರನ್ನು ತಣ್ಣೀರಿಗದ್ದಿದಂತೆ.

ಅಲುಗಿಸಿ ನೋಡುವ ಪಂಥದವರಿಗೆ ಒಂದು ಕ್ರಮವಿತ್ತು. ಮೊದಲು ಟೈರಿನ ಗಾಳಿ, ನಂತರ ರಸ್ತೆ. ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರಾಗಿರುವುದರಿಂದ ಸ್ವಲ್ಪ ಎಡಕ್ಕೆ ಜಾರುವುದು ರೋಗವಲ್ಲ. ಆಮೇಲೆ ಮುಂದಿನ ಎರಡು ಟೈರ್ ಅದಲು ಬದಲು. ಎಳೆತದ ದಿಕ್ಕೂ ಬದಲಾದರೆ ತಪ್ಪು ಟೈರಿನದು. ಒಂದು ರಿಮ್ ಮಾತ್ರ ಬಿಸಿಯಾಗಿದ್ದರೆ ಬ್ರೇಕ್ ಹಿಡಿದಿದೆ. ತಿರುಗಿಸಿದ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಸ್ಟ್ರಟ್ಟಿನ ಮೇಲಿನ ಬೇರಿಂಗ್ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಕ್ಯಾಲಿಪರ್ ಜೊತೆಗೆ ಲೋವರ್ ಆರ್ಮ್ ಬುಷ್ಷನ್ನೂ ನೋಡಿ: ಹರಿದ ಬುಷ್ ಬ್ರೇಕಿನ ಒತ್ತಡಕ್ಕೆ ಸರಿದು ಟೋ ಬದಲಾಗುತ್ತದೆ, ನಿಂತ ಕಾರನ್ನು ಅಳೆಯುವ ಯಂತ್ರಕ್ಕೆ ಇದು ಕಾಣುವುದಿಲ್ಲ. ಎಂಬತ್ತು ತೊಂಬತ್ತರ ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್. ಇವೆಲ್ಲ ಮುಗಿದ ಮೇಲೆ, ಕೊನೆಗೆ, ಅಲೈನ್‌ಮೆಂಟ್.

1998ರ ಟಾಟಾ ಇಂಡಿಕಾ ಪುಣೆಯದೇ ಕೂಸು. ಅದು ಬಂದ ಮೇಲೆ ‘ಹ್ಯಾಂಡ್ಲಿಂಗ್’ ಎಂಬ ಮಾತು ಗಿರಾಕಿಯ ಬಾಯಿಗೂ ಬಂತು. ಅದರ ಹಿಂದೆಯೇ ಬಂದದ್ದು ದೊಡ್ಡ ರಿಮ್, ಕತ್ತರಿಸಿದ ಸ್ಪ್ರಿಂಗುಗಳ ಶೋಕಿ. ಗಾಡಿ ಗಟ್ಟಿಯಾದಷ್ಟೂ ಚೆನ್ನ ಎಂಬ ನಂಬಿಕೆಗೆ ಪುಣೆಯ ಗುಂಡಿಗಳೇ ಉತ್ತರ: ಚಕ್ರ ನೆಲ ಬಿಟ್ಟ ಮೇಲೆ ಹಿಡಿತ ಎಲ್ಲಿಯದು? ಗಾಡಿ ತಗ್ಗಿಸಿದರೆ ಟೈ ರಾಡ್ ಕೋನ ಕೆಟ್ಟು, ಪ್ರತಿ ಉಬ್ಬಿಗೂ ಚಕ್ರ ತಾನೇ ತಿರುಗುವುದು ಬೇರೆ.

ಎಲೆಕ್ಟ್ರಾನಿಕ್ ಕಾಲ ಇನ್ನೊಂದು ತೆರೆ ಎಳೆದಿದೆ. 1997ರಲ್ಲಿ ಸ್ವೀಡನ್ನಿನ ಪರೀಕ್ಷೆಯಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಮಗುಚಿದ ಮೇಲೆ ಕಂಪನಿ ಆ ಮಾದರಿಗೆಲ್ಲ ಕಾರು ಜಾರದಂತೆ ಹಿಡಿಯುವ ಇಎಸ್‌ಪಿ ಹಾಕಿತು. ಇಂದು ಅದು ಚಾಕಣದಲ್ಲಿ ತಯಾರಾಗುವ ಸಾಮಾನ್ಯ ಕಾರುಗಳಿಗೂ ಬಂದಿದೆ. ಒಳ್ಳೆಯದೇ, ಆದರೆ ಸವೆದ ಜಾಯಿಂಟನ್ನು ಅದು ಮುಚ್ಚಿಡಬಲ್ಲದು. ಎಷ್ಟೋ ಕಾರುಗಳಲ್ಲಿ ಅಲೈನ್‌ಮೆಂಟ್ ಆದಮೇಲೆ ಸ್ಟೀರಿಂಗ್ ಕೋನದ ಸೆನ್ಸರನ್ನು ಮರುಹೊಂದಿಸಬೇಕೆಂಬುದೂ ಮರೆತುಹೋಗುತ್ತದೆ.

2023ರಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಎಂಬ ಅಪಘಾತ ಸುರಕ್ಷತಾ ಪರೀಕ್ಷೆಯ ನಕ್ಷತ್ರಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದು ಹೊಸ ಕಾರಿನ ಲೆಕ್ಕ. ಹೊಸ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಲ್ಲಿ ಜಾಯಿಂಟಿನ ಸಡಿಲ, ಚಕ್ರದ ಅಡ್ಡ ಜಾರು ಎರಡನ್ನೂ ಅಳೆಯುವ ಯಂತ್ರಗಳಿವೆ. ಆದರೆ ಖಾಸಗಿ ಕಾರು ಫಿಟ್‌ನೆಸ್‌ಗೆಂದು ಅಲ್ಲಿಗೆ ಹೋಗಬೇಕಾದದ್ದು ಹದಿನೈದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಬಾಲ್ ಜಾಯಿಂಟ್ ನೋಡಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. ಆದ್ದರಿಂದ ಮುಂದಿನ ಸಲ ಅಲೈನ್‌ಮೆಂಟಿಗೆ ಹೋದಾಗ ಚೀಟಿ ಕೇಳುವ ಮೊದಲು, ಚಕ್ರ ಎತ್ತಿ ಅಲುಗಿಸಿ ನೋಡಿದಿರಾ ಎಂದು ಕೇಳಿ.