ತಿಳ್ಮಾತಿ: ಈ ಕರಿ ಕಡಲತೀರ ಯಾಕಿಷ್ಟು ಸುಮ್ಮನಿದೆ?

ಭಾಗ 1/7

ಮೊದಲ ಫೋಟೊದಲ್ಲಿ ಅಂಗೈ ಮೇಲೆ ಕಾಣ್ತಿರೋದು ಕರಿಎಳ್ಳಲ್ಲ, ಕಲ್ಲು. ಝೂಮ್ ಮಾಡಿ ನೋಡ್ರಿ. ಒಂದೊಂದೂ ಎಳ್ಳಿನಷ್ಟು, ಕೆಲವು ಹೆಸರುಕಾಳಿನಷ್ಟು. ನುಣ್ಣಗೆ, ಕಪ್ಪಗೆ.

ಕಾರವಾರದಿಂದ ಗೋವಾ ಕಡೆ ಹೊರಟರೆ ಹೆದ್ದಾರಿಯಲ್ಲಿ ಕರ್ನಾಟಕದ ಕೊನೇ ಊರು ಮಾಜಾಳಿ. ಮೀನುಗಾರರ ಊರು. ಅಲ್ಲಿನ ಬಿಳಿ ಮರಳಿನ ದಂಡೆಯಿಂದ ಉತ್ತರಕ್ಕೆ ನಡೆದು, ಗುಡ್ಡ ಹತ್ತಿ ಇಳಿದರೆ ಸಿಗೋದು ಈ ಪುಟ್ಟ ತೀರ, ತಿಳ್ಮಾತಿ. ಕೊಂಕಣಿಯಲ್ಲಿ ತೀಳ್ ಅಂದ್ರೆ ಎಳ್ಳು, ಮಾತಿ ಅಂದ್ರೆ ಮಣ್ಣು. ಎಳ್ಳಿನ ಮಣ್ಣು. ಇದಕ್ಕಿಂತ ಸರಿಯಾದ ಹೆಸರು ಯಾರೂ ಇಡಕ್ಕಾಗಲ್ಲ.

ಎರಡೂ ಕಡೆ ಗುಡ್ಡ ಕಡಲೊಳಗೆ ಚಾಚಿಕೊಂಡಿದೆ. ಕಪ್ಪು ಬಂಡೆಗಳಿಗೆ ಅಲೆ ಬಡಿದು ಬಡಿದು ಪುಡಿಯಾದ ಕಲ್ಲು ಈ ಎರಡು ತೋಳುಗಳ ನಡುವೆ ಉಳಿದುಕೊಂಡಿದೆ. ಪಕ್ಕದಲ್ಲೇ ಬಿಳಿ ಮರಳು, ಗುಡ್ಡ ದಾಟಿದ್ರೆ ಕರಿ ಕಲ್ಲು.

ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ, "ಯಾರಿಗೂ ಗೊತ್ತಿಲ್ಲದ ಬೀಚ್" ಅಂತ. ಮಾಜಾಳಿಯವರಿಗೆ ಯಾವತ್ತಿಂದಲೂ ಗೊತ್ತು. ನನಗೆ ಬೇಕಿದ್ದ ಪ್ರಶ್ನೆ ಬೇರೆ: ಉತ್ತರಕ್ಕೆ ಗೋವಾ, ದಕ್ಷಿಣಕ್ಕೆ ಕಾರವಾರ, ಎರಡೂ ಗದ್ದಲದ ಊರುಗಳು. ನಡುವೆ ಈ ತೀರ ಇಷ್ಟು ಸುಮ್ಮನೆ ಹೇಗೆ ಉಳೀತು? ಉತ್ತರ ಹುಡುಕ್ತಾ ಹೋದ್ರೆ ನಮ್ಮ ಹರಿಹರದ ಸೇತುವೆವರೆಗೂ ಬರುತ್ತೆ. ಬರ್ರಿ.

ಭಾಗ 2/7

ಮೊದಲ ಕಾರಣ ಗಡಿ.

ತಿಳ್ಮಾತಿಯಿಂದ ಉತ್ತರಕ್ಕೆ ಇನ್ನೊಂದು ಗುಡ್ಡದ ಆಚೆ ಪೊಳೆಂ. ಅದು ಗೋವಾದ ದಕ್ಷಿಣ ತುದಿಯ ಬೀಚ್. ಇವತ್ತು ಚೆಕ್‌ಪೋಸ್ಟ್‌ನಲ್ಲಿ ಬಾಟಲಿ ಇದೆಯಾ ಅಂತ ಬ್ಯಾಗ್ ನೋಡ್ತಾರೆ, ಅಷ್ಟೇ. ಆದರೆ 1961ರ ಡಿಸೆಂಬರ್‌ವರೆಗೆ ಪೊಳೆಂ ಇದ್ದದ್ದು ಪೋರ್ಚುಗೀಸರ ಕೈಯಲ್ಲಿ. ಅಂದ್ರೆ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ 14 ವರ್ಷ ಈ ಗುಡ್ಡದ ಆಚೆ ಬೇರೆ ದೇಶದ ಆಡಳಿತ.

1955ರ ಆಗಸ್ಟ್ 15ರಂದು ಗೋವಾದೊಳಗೆ ನಡೆದುಕೊಂಡು ಹೋದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಭಾರತ ಗಡಿ ಮುಚ್ಚಿತು. ಈ ಕಡೆ ಆ ಕಡೆ ಇದ್ದವರು ಆಡೋದು ಒಂದೇ ಕೊಂಕಣಿ, ಹಿಡಿಯೋದು ಒಂದೇ ಕಡಲಿನ ಬಂಗಡೆ. ಮೀನಿಗೆ ಗಡಿ ಇಲ್ಲ, ಹಿಡಿಯೋರಿಗೆ ಇತ್ತು.

ನಮ್ಮ ಕಡೆಯವರಿಗೆ ಗಡಿ ಅಂದ್ರೆ ಬಹಳ ದೂರದ ವಿಷಯ ಅನ್ಸುತ್ತೆ ಅಲ್ವಾ? ಹಂಗೇನಿಲ್ಲ. 1956ಕ್ಕೆ ಮುಂಚೆ ಹರಿಹರದ ಹೊಳೆಯೇ ಗಡಿ. ತುಂಗಭದ್ರೆಯ ಈ ದಡ ಮೈಸೂರು, ಆ ದಡ ಮುಂಬೈ ಆಡಳಿತದ ಧಾರವಾಡ ಜಿಲ್ಲೆ. ಕಾರವಾರವೂ ಮುಂಬೈಗೇ ಸೇರಿತ್ತು. 1956ರ ನವೆಂಬರ್ 1ರಂದು ಮೂರೂ ಒಂದೇ ರಾಜ್ಯ ಆದವು. ಹಾಗಾಗಿ ನಮ್ಮ ಅಜ್ಜಂದಿರ ಕಾಲದಲ್ಲಿ ಮಲೆಬೆನ್ನೂರಿಂದ ತಿಳ್ಮಾತಿಗೆ ಹೊರಟವರು ಬೇರೆ ರಾಜ್ಯಕ್ಕೇ ಹೋಗಬೇಕಿತ್ತು.

ಭಾಗ 3/7

ಎರಡನೇ ಕಾರಣ ತಿಳೀಬೇಕಾದ್ರೆ ಮ್ಯಾಪ್ ತೆಗೀರಿ. (ಮೂರನೇ ಫೋಟೊ.)

ಕಾಳಿ ನದಿ ಕಡಲು ಸೇರೋ ಜಾಗ, ಅದರ ದಕ್ಷಿಣಕ್ಕೆ ಕಾರವಾರದ ಕೊಲ್ಲಿ, ಬೈತಖೋಲ. ಎದುರಿಗೆ ದ್ವೀಪಗಳು: ಕೂರ್ಮಗಡ, ದೇವಗಡ, ಅಂಜುದೀವ. ಗುಡ್ಡ ಮತ್ತು ದ್ವೀಪಗಳು ದೊಡ್ಡ ಅಲೆ, ಗಾಳಿ ತಡೀತಾವೆ. ಒಳಗೆ ನೀರು ತಣ್ಣಗೆ. ಇದನ್ನ ನಾನು ಮರೆಯ ನೀರು ಅಂತ ಕರೀತೀನಿ. ಹಡಗಿನವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಯಾರ್ಯಾರು ಬಂದರು ನೋಡ್ರಿ:

1498: ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ವಾಪಸ್ ಹೋಗ್ತಾ ಅಂಜುದೀವದಲ್ಲಿ ತಂಗಿ ಹಡಗು ರಿಪೇರಿ ಮಾಡಿಸಿಕೊಂಡ.

1505: ಫ್ರಾನ್ಸಿಸ್ಕೊ ಡಿ ಅಲ್ಮೇಡ ಅಲ್ಲೇ ಕೋಟೆ ಕಟ್ಟಿಸಿದ.

1630ರ ದಶಕದ ಕೊನೆ: ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದರು. ಬೇಕಾಗಿದ್ದು ಘಟ್ಟದ ಕಾಳುಮೆಣಸು, ಹುಬ್ಬಳ್ಳಿ ಕಡೆಯ ಬಟ್ಟೆ.

1662: ಮುಂಬೈ ದ್ವೀಪ ಇಂಗ್ಲೆಂಡಿನ ರಾಜನಿಗೆ ಮದುವೆ ಉಡುಗೊರೆಯಾಗಿ ಸಿಕ್ಕಿತ್ತು, ಆದರೆ ಪೋರ್ಚುಗೀಸ್ ಅಧಿಕಾರಿಗಳು ಬಿಟ್ಟುಕೊಡಲಿಲ್ಲ. ವಶಕ್ಕೆ ತಗೊಳ್ಳೋಕೆ ಬಂದಿದ್ದ ಅಬ್ರಹಾಂ ಶಿಪ್‌ಮನ್ನನ ಸೈನಿಕರು ಅಂಜುದೀವದಲ್ಲಿ ಕಾಯ್ತಾ ಕೂತರು. ಜ್ವರಕ್ಕೆ ಬಹುಪಾಲು ಜನ ಸತ್ತರು, 1664ರಲ್ಲಿ ಶಿಪ್‌ಮನ್ನೂ ಸತ್ತ. ಮುಂಬೈ ಅವರ ಕೈ ಸೇರಿದ್ದು 1665ರಲ್ಲಿ.

1665: ಶಿವಾಜಿ ಕಾರವಾರಕ್ಕೆ ಬಂದ. ಊರು ಸುಲಿಗೆ ಆಗಬಾರದು ಅಂತ ವ್ಯಾಪಾರಿಗಳು ಸೇರಿ ಹಣ ಕೂಡಿಸಿದರು. ಇಂಗ್ಲಿಷರ ಪಾಲು 112 ಪೌಂಡ್. ಬಿಕಾಂ ಓದೋನಿಗೆ ಇಂಥ ಎಂಟ್ರಿ ಕಂಡ್ರೆ ಖುಷಿ: ಇದನ್ನ ಯಾವ ಖಾತೆಗೆ ಬರೆದಿರಬಹುದು?

ಎಲ್ಲರಿಗೂ ಬೇಕಾಗಿದ್ದು ಹಡಗು ನಿಲ್ಲೋ ಆಳದ ನೀರು. ತಿಳ್ಮಾತಿ ಚಿಕ್ಕದು, ದಾರಿ ಇಲ್ಲ, ಹಿಂದೆ ಗುಡ್ಡ. ಯಾವ ಸಾಮ್ರಾಜ್ಯಕ್ಕೂ ಉಪಯೋಗಕ್ಕೆ ಬರಲಿಲ್ಲ. ಅದೇ ಅದರ ಅದೃಷ್ಟ.

ಭಾಗ 4/7

ಈಗ ನಮ್ಮೂರಿನ ಕಡೆ ಬರೋಣ, ಯಾಕಂದ್ರೆ ಈ ಕಥೆಯಲ್ಲಿ ಹತ್ತಿ ಇದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿಂದ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹೋಗ್ತಿದ್ದ ಹತ್ತಿ ನಿಂತಿತು. ಗಿರಣಿಯವರ ಕಣ್ಣು ಧಾರವಾಡದ ಕರಿಮಣ್ಣಿನ ಮೇಲೆ ಬಿತ್ತು. ಆ ಹತ್ತಿ ಇಳಿಸೋಕೆ ಹತ್ತಿರದ ಬಂದರು ಕಾರವಾರ. ಆದರೆ ಹತ್ತಿ ಬೆಳೆಯೋ ಧಾರವಾಡ ಮುಂಬೈ ಆಡಳಿತದಲ್ಲಿ, ಬಂದರು ಮದ್ರಾಸ್ ಆಡಳಿತದಲ್ಲಿ. ಪರಿಹಾರ ಏನು ಗೊತ್ತಾ? 1862ರಲ್ಲಿ ಕೆನರಾದ ಉತ್ತರದ ತುಂಡನ್ನ ಮುಂಬೈಗೆ ಕೊಟ್ಟರು. ಇವತ್ತಿನ ಉತ್ತರ ಕನ್ನಡ ಮುಂಬೈಗೆ ಸೇರಿದ್ದರ ಹಿಂದೆ ಹತ್ತಿಯ ಲೆಕ್ಕಾಚಾರ ಇದೆ.

ಕಾರವಾರಕ್ಕೆ ಕಚೇರಿ ಬಂದವು, ಘಟ್ಟದ ರಸ್ತೆ ಬಂತು, 1864ರಲ್ಲಿ ದೇವಗಡದ ದ್ವೀಪಸ್ತಂಭ ಬಂತು. ಅದೇ ಕಾಲದಲ್ಲಿ, 1868ರಲ್ಲಿ, ಹರಿಹರದಲ್ಲಿ ತುಂಗಭದ್ರೆಗೆ ಕಲ್ಲಿನ ಕಮಾನು ಸೇತುವೆ ಆಯ್ತು. ಒಳನಾಡಿನ ಮಾಲು ಸಲೀಸಾಗಿ ಓಡಾಡಬೇಕು ಅನ್ನೋದೇ ಎಲ್ಲ ಕಡೆ ಯೋಚನೆ.

ಆಮೇಲೆ ರೈಲು ಬಂತು, ಆದರೆ ಕಾರವಾರಕ್ಕಲ್ಲ. 1880ರ ದಶಕದಲ್ಲಿ ಹಳಿ ಕ್ಯಾಸಲ್‌ರಾಕ್ ಮೂಲಕ ಗೋವಾದ ಮರ್ಮಗೋವಾ ಬಂದರಿಗೆ ಇಳೀತು. ಹತ್ತಿ ಆ ಕಡೆ ತಿರುಗಿತು. ಕಾರವಾರದ ಬಂದರು ಮಂಕಾಯ್ತು. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಬಂದಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ.

ಅದೇ ಊರಿಗೆ 1880ರ ದಶಕದ ಆರಂಭದಲ್ಲಿ ಇಪ್ಪತ್ತೆರಡರ ಆಸುಪಾಸಿನ ಒಬ್ಬ ಹುಡುಗ ಬಂದ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್. ತಮ್ಮ ಅಲ್ಲಿದ್ದಾಗ ಒಂದು ನಾಟಕ ಬರೆದ, ಹೆಸರು 'ಪ್ರಕೃತಿರ್ ಪ್ರತಿಶೋಧ್'. ಕಾರವಾರದ ಬೀಚಿಗೆ ಇವತ್ತು ಅವನದ್ದೇ ಹೆಸರು: ರವೀಂದ್ರನಾಥ ಟ್ಯಾಗೋರ್.

ಭಾಗ 5/7

1961ರ ನವೆಂಬರ್. ಅಂಜುದೀವ ಇನ್ನೂ ಪೋರ್ಚುಗೀಸರದ್ದು. ಪಕ್ಕದಲ್ಲಿ ಹೋಗ್ತಿದ್ದ ಸಬರ್ಮತಿ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಬಿತ್ತು. ಕೆಲವೇ ದಿನಕ್ಕೆ ಮೀನುಗಾರರ ದೋಣಿ ಮೇಲೂ ಗುಂಡು. ಒಬ್ಬ ಮೀನುಗಾರ ಸತ್ತ.

ಗೋವಾ ವಿಮೋಚನೆಯ ಕಥೆಯಲ್ಲಿ ನಾವು ನೆಹರೂ, ಸಲಾಜಾರ್, ಸೈನ್ಯ ಅಂತ ಓದ್ತೀವಿ. ದಿನಾ ಬಲೆ ಬೀಸೋ ಜಾಗದಲ್ಲೇ ಸತ್ತ ಆ ಮನುಷ್ಯನಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಡಿಸೆಂಬರ್ 18ರಂದು ಭಾರತದ ನೌಕಾಪಡೆ ಅಂಜುದೀವಕ್ಕೆ ಇಳೀತು. ತ್ರಿಶೂಲ್ ಹಡಗಿನಿಂದ ನಾವಿಕರು ಇಳಿದರು, ಮೈಸೂರು ಹೆಸರಿನ ಯುದ್ಧನೌಕೆ ತೋಪು ಹಾರಿಸಿ ಬೆಂಬಲ ಕೊಟ್ಟಿತು. ಏಳು ನಾವಿಕರು ಪ್ರಾಣ ಕೊಟ್ಟರು. ಮರುದಿನ ಗೋವಾ ಭಾರತದ್ದು.

ಪೊಳೆಂ–ಮಾಜಾಳಿ ನಡುವಿನ ಗಡಿ ಅವತ್ತು ಸತ್ತಿತು. ಆಮೇಲೆ ಗೋವಾದ ತೀರಗಳಿಗೆ ಪ್ರವಾಸಿಗಳು ಬಂದರು, ಹೋಟೆಲ್ ಬಂದವು. ಆ ಅಲೆ ಗುಡ್ಡದ ಈ ಕಡೆ ಬರಲಿಲ್ಲ. ನಡೆದೇ ಹೋಗಬೇಕಾದ ಜಾಗಕ್ಕೆ ಜನ ಬರೋದು ನಿಧಾನ.

ಭಾಗ 6/7

ಇಲ್ಲಿವರೆಗೆ ಓದಿದ್ದೀರಿ ಅಂದ್ರೆ, ಈ ಸರಣಿ ಬರೆದದ್ದೇ ಈ ಭಾಗಕ್ಕೋಸ್ಕರ.

ಮರೆಯ ನೀರು ಕೊನೆಗೆ ನಮ್ಮದೇ ಸರ್ಕಾರದ ಕಣ್ಣಿಗೂ ಬಿತ್ತು. 1971ರ ಯುದ್ಧದ ನಂತರ ಪಶ್ಚಿಮ ಕರಾವಳಿಗೆ ಮುಂಬೈ ಒಂದೇ ನೆಲೆ ಸಾಲಲ್ಲ ಅಂತ ನೌಕಾಪಡೆಗೆ ಅನ್ನಿಸಿತ್ತು. ಕಾರವಾರದ ದಕ್ಷಿಣಕ್ಕೆ ಗುಡ್ಡಗಳ ಮರೆ, ದ್ವೀಪಗಳ ಮರೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ಕ್ಕೆ ನೌಕಾನೆಲೆ ಶುರುವಾಯ್ತು. ಹೆಸರು ಕದಂಬ, ನಮ್ಮ ಬನವಾಸಿಯ ಕದಂಬರದ್ದು.

ಅದಕ್ಕಾಗಿ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು. ಅರ್ಗಾ, ಬಿಣಗಾ ಕಡೆಯ ತೀರಗಳು ಬೇಲಿಯೊಳಗೆ ಹೋದವು. ಪರಿಹಾರದ ಕೇಸುಗಳು ದಶಕಗಟ್ಟಲೆ ಕೋರ್ಟಿನಲ್ಲಿ ಓಡಿದವು.

ರೈತನಿಗೆ ಜಮೀನು ಹೋದರೆ ಪಹಣಿ ತೋರಿಸಬಹುದು. ಮೀನುಗಾರನಿಗೆ? ದಂಡೆಯಿಂದಲೇ ಎಳೆಯೋ ರಂಪಣಿ ಬಲೆಗೆ ಉದ್ದ ಮರಳ ದಂಡೆ ಬೇಕು, ಹತ್ತಾರು ಜನ ಬೇಕು. ಮೀನು ಬಂದರೆ ಎಲ್ಲರಿಗೂ ಪಾಲು. ಆ ದಂಡೆ ಯಾರ ಹೆಸರಲ್ಲೂ ಇರಲ್ಲ, ಊರಿಗೆಲ್ಲ ಸೇರಿದ್ದು. ಪರಿಹಾರದ ಪಟ್ಟಿಯಲ್ಲಿ ಅದಕ್ಕೆ ಕಾಲಂ ಎಲ್ಲಿ? 70ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು ರಂಪಣಿಯನ್ನ ಮೊದಲೇ ಸೊರಗಿಸಿದ್ದವು. ಬೇಲಿ ಅದರ ಮೇಲೆ ಬಂತು.

ದೇಶಕ್ಕೆ ನೌಕಾನೆಲೆ ಬೇಡ ಅಂತ ನಾನು ಹೇಳ್ತಿಲ್ಲ. ಆ ಏಳು ನಾವಿಕರ ಬಗ್ಗೆ ಈಗಷ್ಟೇ ಬರೆದೆ. ಹೇಳ್ತಿರೋದು ಇಷ್ಟೇ: ಪ್ರತಿ ಡೆಬಿಟ್ಟಿಗೆ ಒಂದು ಕ್ರೆಡಿಟ್ ಇರ್ಲೇಬೇಕು ಅಂತ ಮೊದಲ ಸೆಮಿಸ್ಟರ್‌ನಲ್ಲೇ ಕಲಿಸ್ತಾರೆ. ಇಲ್ಲಿ ಒಂದು ಬದಿ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದಿದ್ದೀವಿ.

2020ರ ಜನವರಿಯಲ್ಲಿ ಟ್ಯಾಗೋರ್ ಬೀಚಿನ ಬದಿಯಲ್ಲಿ ಬಂದರು ವಿಸ್ತರಣೆಗೆ ಕೆಲಸ ಶುರುವಾದಾಗ ಕಾರವಾರದ ಮೀನುಗಾರರು ಯಾಕೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು ಅಂತ ಈಗ ಅರ್ಥ ಆಗಿರುತ್ತೆ. ಅವರಿಗೆ ಉಳಿದಿದ್ದ ದಂಡೆಯೇ ಸ್ವಲ್ಪ.

ಭಾಗ 7/7

"ಅದು ಕರಾವಳಿಯವರ ಸಮಸ್ಯೆ, ನಮಗೇನು?" ಅಂತ ಕಾಮೆಂಟ್ ಹಾಕೋಕೆ ಮುಂಚೆ ಒಂದು ಮಾತು.

ನಮ್ಮ ಮಲೆಬೆನ್ನೂರು ಸುತ್ತ ಗದ್ದೆ ಹಸಿರಾಗಿರೋದು ಭದ್ರಾ ನಾಲೆಯಿಂದ. ಬೇಸಿಗೆ ಬಂದ್ರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ನೀರು ಕೊನೇ ಭಾಗಕ್ಕೆ ಮುಟ್ಟುತ್ತಾ ಇಲ್ವಾ? ಆ ನೀರು ನಿಲ್ಲೋಕೆ ಲಕ್ಕವಳ್ಳಿ ಹತ್ತಿರ ಡ್ಯಾಂ ಕಟ್ಟಿದಾಗ ಹಿನ್ನೀರಲ್ಲಿ ಹಳ್ಳಿಗಳು ಮುಳುಗಿದವು. ಆ ಊರುಗಳ ಹೆಸರು ನನಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ, ನಿಮಗೂ ಹೇಳಿಕೊಟ್ಟಿರಲಿಕ್ಕಿಲ್ಲ. ನಮ್ಮ ತಟ್ಟೆಯ ಅನ್ನದಲ್ಲೂ ಬೇರೆಯವರು ಬಿಟ್ಟುಕೊಟ್ಟ ಊರಿದೆ. ಕಾರವಾರ ನಮಗೆ ಅಷ್ಟೇನೂ ದೂರ ಇಲ್ಲ.

ತಿಳ್ಮಾತಿ ಸುಮ್ಮನಿರೋದು ಯಾರೋ ಕಾಪಾಡಿದ್ದಕ್ಕಲ್ಲ. ಬಂದರಿಗೆ ಸಾಲಲಿಲ್ಲ, ಗಡಿಯ ಅಂಚಿನಲ್ಲಿತ್ತು, ರಸ್ತೆ ಇರಲಿಲ್ಲ. ಹೀಗೆ ಬಚಾವಾದದ್ದು ಈಗ ನಮ್ಮ ಫೋನಿನ ಮುಂದೆ ಬಂದಿದೆ. ಹೋಗಬೇಡಿ ಅನ್ನಲ್ಲ, ಹೋಗ್ರಿ. ಆದರೆ:

• ಕಲ್ಲು ತರಬೇಡಿ. ಒಂದು ಬಾಟಲಿ ತಾನೇ ಅಂತ ಎಲ್ಲರೂ ಅಂದ್ಕೊಂಡ್ರೆ ಎಳ್ಳೂ ಖಾಲಿ, ಮಾತಿಯೂ ಖಾಲಿ.
• ಮಳೆಗಾಲದಲ್ಲಿ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ಕಡಲಿಗಿಳಿಯಲ್ಲ. ಬಂಡೆ ಜಾರುತ್ತೆ, ಅಲೆ ಕೇಳಿಕೊಂಡು ಬರಲ್ಲ.
• ತಿಂಡಿ ಕವರ್ ವಾಪಸ್ ಬ್ಯಾಗಿಗೆ. ಅಲ್ಲಿ ಕಸದ ಗಾಡಿ ಬರಲ್ಲ.
• ದಾರಿಯಲ್ಲಿ ಬಲೆ ಹರಡಿದ್ರೆ ತುಳೀಬೇಡಿ, ಸುತ್ತಿ ಹೋಗಿ. ಬಲೆ ಸರಿಮಾಡ್ತಾ ಕೂತಿರೋ ಹಿರಿಯರು ಸಿಕ್ಕರೆ ಒಂದು ನಮಸ್ಕಾರ ಹೇಳಿ, "ಗಡಿ ಇದ್ದಾಗ ಹೆಂಗಿತ್ತು?" ಅಂತ ಕೇಳಿ. ಪುಸ್ತಕದಲ್ಲಿ ಸಿಗದ ಉತ್ತರ ಅಲ್ಲಿ ಸಿಗಬಹುದು.

ನಿಮ್ಮ ಮನೆಯಲ್ಲಿ ಯಾರಾದ್ರೂ ಕಾರವಾರ, ಲಕ್ಕವಳ್ಳಿ ಕಡೆಯಿಂದ ಊರು ಬಿಟ್ಟು ಬಂದವರಿದ್ದರೆ ಆ ಊರಿನ ಹೆಸರು ಕಾಮೆಂಟಲ್ಲಿ ಬರೀರಿ. ಊರಿನ ಹೆಸರು ಸಾಕು. ಒಂದು ಪಟ್ಟಿ ಮಾಡೋಣ.

ಮುಂದಿನ ಸರಣಿ: ಹರಿಹರದ 1868ರ ಸೇತುವೆ. ದಿನಾ ದಾಟ್ತೀವಿ, ನೋಡಿಲ್ಲ.

#ತಿಳ್ಮಾತಿ #ಮಾಜಾಳಿ #ಕಾರವಾರ #ಉತ್ತರಕನ್ನಡ #ಮಲೆಬೆನ್ನೂರು #ಹರಿಹರ #ಕನ್ನಡದಲ್ಲಿಇತಿಹಾಸ